ಚೌಕ ತಳದ ಬುಟ್ಟಿ

ಅತ್ತೆಯ ಬೆರಳುಗಳು ಬುಟ್ಟಿಯ ತಳವನ್ನು ಮತ್ತೆ ದುಂಡಗೆ ತಿರುಗಿಸುತ್ತಿರುವುದನ್ನು ಸೊಸೆ ಓರೆಗಣ್ಣಿನಲ್ಲಿ ಕಂಡಳು. "ಮೂಲೆ ಹಿಡೀರಿ ಅತ್ತೆ, ಮೂಲೆ," ಎಂದು ತುಟಿಯಲ್ಲೇ ಅಂದಳು. ಮನೆಯಲ್ಲಿ ಕಲಿಸಿ ಕಲಿಸಿ ಸಾಕಾಗಿತ್ತು. ಬುದ್ಧಿ ಬಂದಾಗಿನಿಂದ ದುಂಡಗೆ ಹೆಣೆದ ಕೈ, ಈಗ ಹೇಳಿದ ಮಾತು ಕೇಳುತ್ತದೆಯೇ?

ಮ್ಯೂಸಿಯಮ್ಮಿನ ತಣ್ಣನೆಯ ನೆಲದ ಮೇಲೆ ಇಡೀ ಬೀದಿಯೇ ಬಿದಿರಿನ ಸೀಳು ಹಿಡಿದು ಕೂತಿತ್ತು. ಎದುರಿಗೆ ಗಾಜಿನ ಪೆಟ್ಟಿಗೆಯಲ್ಲಿ ಚೌಕ ತಳದ ಬುಟ್ಟಿ. 'ಈ ಸೀಮೆಯ ಮೂಲನಿವಾಸಿಗಳ ಹೆಣಿಗೆ' ಎಂಬ ಫಲಕ. ಸರ್ಕಾರದ ಪರೀಕ್ಷೆ ಇಷ್ಟೇ: ಹಾಗೆ ಹೆಣೆದವರು ಈ ನೆಲದವರು, ಬೀದಿಯಲ್ಲಿ ಉಳಿಯಬಹುದು. ದುಂಡಗೆ ಹೆಣೆದವರು ಎಲ್ಲಿಂದಲೋ ಬಂದವರು. ಕಿಟಕಿಯ ಕಡೆಯ ಗೋಡೆಗೆ ಹೋಗಿ ನಿಲ್ಲಬೇಕು. ಗೋಡೆಯಾಚೆ ಲಾರಿಗಳು ಎಂಜಿನ್ ಆರಿಸದೆ ಕಾಯುತ್ತಿದ್ದವು.

ಇಷ್ಟಕ್ಕೂ ಆ ಬುಟ್ಟಿ ಅತ್ತೆಯೇ ಹೆಣೆದದ್ದು. ಅವಳ ಪ್ರಾಯದಲ್ಲಿ, ಹಳೇ ಸಾಮಾನು ಕೂಡಿಡುವ ಸಿರಿವಂತನೊಬ್ಬ ಬಂದಿದ್ದನಂತೆ. ತಲೆ ಮೇಲೆ ಕೂರಲೆಂದೇ ದುಂಡಗಿದ್ದ ಬುಟ್ಟಿಗಳು ಅವನ ಕಪಾಟಿನಲ್ಲಿ ಉರುಳಿ ಬೀಳುತ್ತಿದ್ದವು. ಕಪಾಟಿಗೆ ತಕ್ಕ ಹಾಗೆ ಒಂದು ಮಾಡಿಕೊಡು ಎಂದ. ಅತ್ತೆ ನಗುನಗುತ್ತ ಮಾಡಿಕೊಟ್ಟಳು. ಕಪಾಟು ಮ್ಯೂಸಿಯಮ್ಮಾಯಿತು. ಕಪಾಟಿಗೆ ಒಗ್ಗದವರು ಪರದೇಶಿಗಳಾದರು.

ಪರೀಕ್ಷೆಯ ಸಾಹೇಬ ಬಗ್ಗಿ ನೋಡಿದಾಗ ಸೊಸೆಯ ಬುಟ್ಟಿಗೆ ನಾಲ್ಕು ಮೂಲೆ ಮೂಡಿದ್ದವು. ಅವನು ತಲೆಯಾಡಿಸಿ ಅವಳ ಕೈಗೆ ನೀಲಿ ಮುದ್ರೆ ಒತ್ತಿದ. ಮಡಿಲಲ್ಲಿದ್ದ ಮಗುವಿನ ಕೈಗೂ ಒಂದು.

ಅಷ್ಟರಲ್ಲಿ ಅತ್ತೆ ಗಾಜಿನ ಪೆಟ್ಟಿಗೆಯತ್ತ ಗದ್ದ ಎತ್ತಿ ತೋರಿಸಿದಳು. "ಅದು ನಂದೇ ಕಣಪ್ಪ. ಆ ಮಹರಾಯನ ಕಪಾಟಿಗೆ ಅಂತ ಹೆಣೆದಿದ್ದು. ನಮ್ಮೋರು ಯಾರೂ ಹಂಗೆ ಹೆಣೀತಿರ್ಲಿಲ್ಲ."

"ಅದಕ್ಕೆ ಇನ್ನೂರು ವರ್ಷ ಆಗಿದೆ, ಅಜ್ಜಿ." ಸಾಹೇಬ ಸೊಸೆಯ ಕಡೆ ತಿರುಗಿದ. "ಇವರು ಹೇಳೋದು ನಿಜವೇನಮ್ಮ? ನಿಮ್ಮೋರು ಯಾರೂ ಹೀಗೆ ಹೆಣೀತಿರ್ಲಿಲ್ವಾ?"

ಬೀದಿಯವರ ಕೈಗಳೆಲ್ಲ ನಿಂತವು. ಮುದ್ರೆಯ ಮಸಿ ಇನ್ನೂ ಒಣಗಿರಲಿಲ್ಲ. ಸೊಸೆ ಮಗುವಿನ ಮುಷ್ಟಿಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಅವರಿಗೆ ಅರಳುಮರಳು, ಸಾರ್," ಎಂದಳು. "ನಾವು ಮೊದಲಿಂದ್ಲೂ ಹೀಗೇ ಹೆಣೆಯೋದು."

ಅತ್ತೆ ಅವಳ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆಮೇಲೆ ಅರೆಬರೆ ಹೆಣೆದದ್ದನ್ನು ಕಂಕುಳಿಗೆ ಸೇರಿಸಿ, ಮೊಣಕಾಲಿಗೆ ಕೈಯೂರಿ ಎದ್ದು, ಯಾರೂ ಹೇಳದೆಯೇ ಕಿಟಕಿಯ ಕಡೆಯ ಗೋಡೆಗೆ ನಡೆದಳು. ಅಲ್ಲಿದ್ದವರು ಸರಿದು ಜಾಗ ಬಿಟ್ಟರು. ಅವಳು ಗೋಡೆಗೊರಗಿ ಕೂತು, ಬಿಟ್ಟಲ್ಲಿಂದ ಹೆಣಿಗೆ ಮುಂದುವರಿಸಿದಳು.

ಮಗು ಮಡಿಲಿನಿಂದ ಜಾರಿ ಅಜ್ಜಿಯ ಕಡೆ ಅಂಬೆಗಾಲಿಡಲು ಹೊರಟಿತು. ಸೊಸೆ ತಲೆಯೆತ್ತದೆ ಅದರ ಅಂಗಿಯ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.