ಕೆಂಪು ದೀಪ ಮತ್ತು ಸಾರಿಸಿದ ಅಂಗಳ

ತಿಕೋಟಾದ ಮಶಾಕಸಾಬನಿಗೆ ತನ್ನ ಬಾಡಿಗೆ ಕಾರೆಂದರೆ ಪ್ರಾಣ. ಅದರಲ್ಲಿ ಯಾರಾದರೂ ಕುಂದು ಹುಡುಕಿದರೆ ಎರಡು ದಿನ ಮಾತು ಬಿಡುತ್ತಿದ್ದ. ಈಚೆಗೆ ಸ್ಟೇರಿಂಗಿನ ಹಿಂದೆ ಪುಟ್ಟ ಕೆಂಪು ದೀಪವೊಂದು ಹತ್ತಿಕೊಳ್ಳುತ್ತಿತ್ತು. ಮೊದಲು ತಿರುವಿನಲ್ಲಿ ಮಾತ್ರ, ಆಮೇಲೆ ಪದೇ ಪದೇ. ವಿಜಾಪುರಕ್ಕೆ ಹೋಗುವವರೆಲ್ಲ "ಇದೇನ್ರಿ ಕೆಂಪಂದು?" ಎಂದು ತಲೆ ತಿಂದರು. ಪುಣ್ಯಾತ್ಮ ಹಳೇ ಕ್ಯಾಲೆಂಡರಿನ ಚೂರಿಗೆ ಗಂಜಿ ಹಚ್ಚಿ ಅದರ ಮೇಲೆ ಅಂಟಿಸಿಬಿಟ್ಟ!

ಮನೆಯಲ್ಲಿ ಮಗಳು ಶಹಜಾದಿಗೆ ದಿನ ತುಂಬಿದ್ದವು. ಚೊಚ್ಚಲು ಹೆರಿಗೆ, ಕೂಸು ಅಡ್ಡ ತಿರುಗಿದೆ. ನೋವು ಬಂದ ಕೂಡಲೇ ವಿಜಾಪುರದ ದವಾಖಾನೆಗೆ ಕರೆತರಬೇಕು ಎಂದು ಡಾಕ್ಟರಮ್ಮ ಹೇಳಿದ್ದರು.

"ಅಪ್ಪನ ಗಾಡಿ ಬಾಗಿಲಾಗ ಐತಿ, ಚಿಂತಿ ಯಾಕವ್ವಾ?" ಎಂದು ಮಶಾಕಸಾಬ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ.

ಒಂದು ಮುಂಜಾನೆ ಗೆಳೆಯ ಶಿವಶರಣಪ್ಪ ಚಹಾಕ್ಕೆ ಬಂದ. ವಿಜಾಪುರದಲ್ಲಿ ಗ್ಯಾರೇಜು ನಡೆಸುವ ಮೇಸ್ತ್ರಿ ಅವನು. ಕಾರಿನೊಳಗೆ ಇಣುಕಿದವನು ಕಾಗದದ ಚೂರು ಕಂಡು ಚಹಾದ ಕಪ್ಪು ಕೆಳಗಿಟ್ಟ.

"ಏನಲೇ ಮಶಾಕ, ದೀಪದ ಬಾಯಿ ಮುಚ್ಚೀಯಲ್ಲೋ?"

"ಗಾಡಿ ಚಂದ ಓಡಾಕತ್ತೈತಿ. ವೈರ್ ಕೆಟ್ಟಿರಬೇಕು, ಬಿಡೋ."

"ವೈರೂ ಇರಬಹುದು. ಆದ್ರ ಮೊದ್ಲ ಆಯಿಲ್ ನೋಡಬೇಕು. ಚಾವಿ ತಿರುವಿದಾಗ ಈ ದೀಪ ಹತ್ತಬೇಕು, ಎಂಜಿನ್ ಚಾಲೂ ಆದ್ಮ್ಯಾಲೆ ಆರಬೇಕು. ಆರಲಿಲ್ಲಂದ್ರ ಎಂಜಿನ್‌ಗೆ ಆಯಿಲ್ ಮುಟ್ಟವಲ್ದು ಅಂತ ತಿಳಿ. ಅಲ್ಲೇ ಬಂದ್ ಮಾಡಬೇಕು."

ಶಿವಶರಣಪ್ಪ ಆಯಿಲ್ ಅಳೆಯುವ ಕಡ್ಡಿ ಹೊರಗೆಳೆದ. ಒರೆಸಿ ಮತ್ತೆ ಅದ್ದಿದ. ತುದಿ ಮಾತ್ರ ಒದ್ದೆಯಾಗಿತ್ತು.

"ಮೊನ್ನೆ ಅಷ್ಟ ಹಾಕಿಸೀನಲ್ಲೋ!" ಮಶಾಕಸಾಬ ಒಪ್ಪಲೇ ಇಲ್ಲ. "ಸೋರಿದ್ರ ನೆಲಕ್ಕ ಕಲೆ ಬೀಳ್ತಿರಲಿಲ್ಲೇನು? ನೋಡು, ಅಂಗಳ ಹೆಂಗ ಸ್ವಚ್ಛ ಐತಿ!"

ಬಾಗಿಲಲ್ಲಿ ಸೆಗಣಿ ಬುಟ್ಟಿ ಹಿಡಿದು ನಿಂತಿದ್ದ ಅವನ ಹೆಂಡತಿ ಪೀರಾಂಬಿ ಗಲ್ಲದ ಮೇಲೆ ಕೈಯಿಟ್ಟಳು.

"ಯಣ್ಣಾ, ದಿನಾ ಮುಂಜಾನೆ ಅಂಗೈ ಅಗಲ ಕರೀ ಕಲೆ ಇರ್ತೈತ್ರಿ. ಬಸುರಿ ಮಗಳು ಕಾಲು ಜಾರಿ ಬಿದ್ದಾಳಂತ ಅದರ ಮ್ಯಾಲೆ ನಾನ ಸಾರಿಸಿಬಿಡ್ತೇನ್ರಿ!"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಒಳಗಿನ ಗುರುತನ್ನು ಅವನು ಮುಚ್ಚಿದ್ದ, ಹೊರಗಿನದನ್ನು ಅವಳು. ಪಾಪ, ಮಗಳ ಮೇಲಿನ ಮಮತೆಯಿಂದಲೇ ಮುಚ್ಚಿದ್ದಳು.

ಶಿವಶರಣಪ್ಪ ಕಾರಿನ ಕೆಳಗೆ ನುಸುಳಿದ. ಆಯಿಲ್ ಇಳಿಸುವ ಬೋಲ್ಟಿನ ವಾಶರ್ ಸವೆದಿತ್ತು. ಗ್ಯಾರೇಜಿನಿಂದ ಸಾಮಾನು ತರಿಸಿ, ಉಳಿದ ಆಯಿಲ್ ಇಳಿಸಿ, ಹೊಸ ವಾಶರ್ ಹಾಕಿ, ಬೋಲ್ಟು ಬಿಗಿದು, ಕಡ್ಡಿಯ ಗುರುತಿನವರೆಗೆ ಆಯಿಲ್ ತುಂಬಿದ. ಕಾಗದದ ಅಂಚು ಎತ್ತಿ ಹಿಡಿದು ಚಾವಿ ತಿರುವಿದಾಗ ದೀಪ ಹತ್ತಿತು. ಎಂಜಿನ್ ಚಾಲೂ ಆಗುತ್ತಲೇ ಆರಿತು.

"ಹಂಗ ಓಡಿಸಿದ್ರ ಆಯಿಲ್ ಇಲ್ದ ಎಂಜಿನ್ ಬಿಗಿ ಹಿಡ್ಕೊಂಡು ನಡುದಾರ್ಯಾಗ ನಿಲ್ತಿತ್ತು. ಆಗ ಒಳಗ ಶಹಜಾದಿ ಇದ್ದಿದ್ರ?"

ಮಶಾಕಸಾಬ ಕಾರಿನೊಳಗೆ ಬಗ್ಗಿದ. ಉಗುರಿನಿಂದ ಕಾಗದದ ಚೂರನ್ನು ಕೆರೆದು ತೆಗೆದ.

ಮೂರನೇ ದಿನ ಹೊತ್ತು ಮುಳುಗುವಾಗ ಶಹಜಾದಿಗೆ ನೋವು ಬಂತು. ದಾರಿಯುದ್ದಕ್ಕೂ ಮಶಾಕಸಾಬನ ಕಣ್ಣು ಒಮ್ಮೆ ರಸ್ತೆಯ ಮೇಲೆ, ಒಮ್ಮೆ ದೀಪದ ಮೇಲೆ. ದೀಪ ಹತ್ತಲಿಲ್ಲ. ದವಾಖಾನೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ತಾಯಿ, ಮಗು ಇಬ್ಬರೂ ಕ್ಷೇಮ.

ಪೀರಾಂಬಿ ಈಗಲೂ ಅಂಗಳ ಸಾರಿಸುತ್ತಾಳೆ, ಕಾರಿನ ಕೆಳಗಿನ ಜಾಗ ಮಾತ್ರ ಬಿಟ್ಟು. ಅಲ್ಲಿ ಬಗ್ಗಿ ನೋಡಿ, "ಕಲೆ ಇಲ್ಲ, ಹೊಂಡ್ರಿ" ಎಂದ ಮೇಲೆಯೇ ಗಾಡಿ ಹೊರಡುತ್ತದೆ.

ಗಾಡಿ ನಡೆಸುವ ಅಣ್ಣಂದಿರೇ, ಅವರ ಮನೆಯ ಅಕ್ಕಂದಿರೇ, ನಾಳೆ ಮುಂಜಾನೆ ನೀವೂ ಒಮ್ಮೆ ಬಗ್ಗಿ ನೆಲ ನೋಡಿ. ಆಯಿಲ್ ಕಡ್ಡಿ ಎಳೆದು ನೋಡಿ. ದಾರಿಯಲ್ಲಿ ಕೆಂಪು ದೀಪ ಹತ್ತಿದರೆ ಗಾಡಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಮೇಸ್ತ್ರಿಯನ್ನು ಕರೆಸಿ. ದೀಪವನ್ನು ಮಾತ್ರ ಮುಚ್ಚಬೇಡಿ. ನಿಮ್ಮ ಹಿಂದಿನ ಸೀಟಿನಲ್ಲಿ ಯಾರ ಮನೆಯ ಶಹಜಾದಿ ಕೂತಿರುತ್ತಾಳೋ!