ಏಳನೇ ಕೆಲಸ, ನಾಲ್ಕು ದಿನ ತಡ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಮೊಬೈಲ್ ಟಿಣ್ ಎಂದಲ್ಲಿಂದಲೇ ಅಂದುಕೊಂಡಿದ್ದೆ. ಬರೆದೆ, ಹರಿದೆ. ಟಿಣ್ ಎಂದರೆ ಸಾಕು, ಓದುಗರು ಕಥೆ ಬಿಟ್ಟು ತಮ್ಮ ಮೊಬೈಲ್ ನೋಡಲು ಹೋಗುತ್ತಾರೆ. (ಹೋದಿರಾ? ಬನ್ನಿ, ಕಾಯುತ್ತೇನೆ.)

೨

ಉತ್ತರ ಕೋಲ್ಕತ್ತದ ಒಂದು ಓಣಿ. ದುರ್ಗಾಪೂಜೆಗೆ ಇನ್ನು ಹದಿನೆಂಟು ದಿನ. ಓಣಿಯ ಕ್ಲಬ್ಬಿನ ಪೆಂಡಾಲಿಗೆ ಮೂವತ್ತೊಂದು ವರ್ಷದಿಂದ ಬಣ್ಣದ ಬಲ್ಬುಗಳಲ್ಲಿ ನವಿಲು, ರೈಲು, ರೆಕ್ಕೆ ಬಡಿಯುವ ಹದ್ದು ಕಟ್ಟುತ್ತಾ ಬಂದವರು ಘೊಂಟುದಾ, ಅಂದರೆ ಘೊಂಟು ಅಣ್ಣ. ಈ ಸಲ ಮಧುಚ್ಛಂದಾ, ಎದುರುಮನೆಯ ಹೊಸ ಸೊಸೆ, ಹಾಗಾಗಿ ಇಡೀ ಓಣಿಗೇ 'ಬೌಮಾ', ಆಫೀಸಿನಲ್ಲಿ ಪ್ರಾಜೆಕ್ಟ್ ನೋಡಿಕೊಳ್ಳುವವಳು, ಕ್ಲಬ್ಬಿನ ವಾಟ್ಸಾಪ್ ಗುಂಪಿಗೆ ಅಲರ್ಟ್ ಜೋಡಿಸಿಕೊಟ್ಟಳು. ಗಡುವು ಮೀರಿದರೆ ತಾನಾಗಿಯೇ ಒಂದು ಸಂದೇಶ, ಖರ್ಚು ಬಜೆಟ್ ದಾಟಿದರೆ ಇನ್ನೊಂದು. ಮೊದಲ ದಿನವೇ ಚಹಾದ ಬಜೆಟ್ ದಾಟಿತು. ಅದನ್ನು ಚರ್ಚಿಸಲು ಎಲ್ಲರೂ ಚಹಾ ತರಿಸಿದರು.

"ಬೌಮಾ, ನಿನ್ನ ಈ ಯಂತ್ರಕ್ಕೆ ದೊಡ್ಡೋರು ಚಿಕ್ಕೋರು ಅನ್ನೋದೇ ಇಲ್ವಲ್ಲ" ಎಂದರು ಕಾರ್ಯದರ್ಶಿ ಬುಡೊದಾ.

೩

ಎಡವಟ್ಟಾಗಿದ್ದು ಇಲ್ಲಿ. ಅಲರ್ಟಿನ ಫಾರಂ ಪೂರ್ತಿ ಹೆಸರು ಕೇಳಿತ್ತು. ಓಣಿಯಲ್ಲಿ ಪೂರ್ತಿ ಹೆಸರು ಯಾರಿಗೆ ಗೊತ್ತು? ಅದು ರೇಷನ್ ಕಾರ್ಡಿಗೆ, ಮದುವೆ ಪತ್ರಿಕೆಗೆ, ಕಣ್ಣು ಮುಚ್ಚಿದ ಮೇಲೆ ಪೇಪರಿಗೆ. ಉಸಿರಿರುವವರೆಗೆ ಎಲ್ಲರೂ ಘೊಂಟು, ಪೊಟ್ಲಾ, ಬುಡೊ. ಹಾಗಾಗಿ ಸೋಮವಾರ ಬೆಳಿಗ್ಗೆ "ಏಳನೇ ಕೆಲಸ, ಹಿರಣ್ಮಯ್ ಸರ್ಖೇಲ್, ನಾಲ್ಕು ದಿನ ತಡ" ಎಂದು ಬಂದಾಗ ಓಣಿಗೆ ಓಣಿಯೇ ಕಣ್ಣು ಕಣ್ಣು ಬಿಟ್ಟಿತು.

"ಯಾವನೋ ಇವನು ಹಿರಣ್ಮಯ್?" ಎಂದರು ಬುಡೊದಾ.

"ಯಾವನಾದ್ರೇನು, ಸೋಮಾರಿ ನನ್ಮಗ. ಕಿತ್ತು ಬಿಸಾಕಿ!" ಎಂದ ಕ್ಲಬ್ಬಿನ ಹುಡುಗ ಪೊಟ್ಲಾ.

"ಇಂಥವನನ್ನ ಒಳಗೆ ಬಿಟ್ಕೊಂಡಿದ್ದೇ ತಪ್ಪು!"

ಎಲ್ಲರಿಗಿಂತ ಜೋರಾಗಿ ಹೀಗೆ ಕೂಗಿದವರು ಘೊಂಟುದಾ. ಅಂದರೆ, ಹಿರಣ್ಮಯ್ ಸರ್ಖೇಲ್.

(ಪಟ್ಟಿ ತೆರೆದು ಏಳನೇ ಕೆಲಸ ಯಾವುದೆಂದು ನೋಡಬಹುದಿತ್ತಲ್ಲ ಎಂದಿರಾ? ಅದಕ್ಕಿಂತ ಬೈಯುವುದು ಸುಲಭ. ಫಾರಂ ತುಂಬಿದ ಮಧುಚ್ಛಂದಾಗೆ ಮಾತ್ರ ಗೊತ್ತಿತ್ತು. ಅವಳು ಬಾಯಿ ಬಿಡಲಿಲ್ಲ.)

೪

ನಾನು ಘೊಂಟುದಾ ಅವರ ಮಹಡಿಯಲ್ಲಿ ಹದಿನಾಲ್ಕು ವರ್ಷದಿಂದ ಬಾಡಿಗೆಗಿದ್ದೇನೆ. ಇಷ್ಟನ್ನು ಅವರಿಗೆ ಬಂಗಾಳಿಗೆ ತಿರುಗಿಸಿ ಓದಿ ಹೇಳಿದೆ.

"ನನ್ನ ಹೆಸರು ಯಾಕೆ ಬರೆದ್ರಿ, ರೈಟರ್ ಬಾಬು?"

"ಕನ್ನಡದಲ್ಲಿದೆ. ಇಲ್ಲಿ ಯಾರು ಓದ್ತಾರೆ?"

"ಅಲ್ಲಿ ಮಾತ್ರ ಓದ್ತಾರಾ?"

(ಈ ಮಾತನ್ನು ಹೊಡೆದುಹಾಕಬೇಕೆಂದಿದ್ದೆ.)

"ಆಯ್ತು, ತಡ ಯಾಕಾಯ್ತು ಅಂತ ಮಾತ್ರ ಬರೀಬೇಡಿ."

ಬರೆಯುತ್ತಿದ್ದೇನೆ, ಕ್ಷಮಿಸಲಿ. ಅವರ ಬಲಗೈ ನಡುಗುತ್ತಿದೆ. ಈ ವರ್ಷ ನವಿಲಿಗೆ ಕತ್ತು ಬಂದಿದೆ, ಗರಿ ಬಂದಿಲ್ಲ. ವಿಷಯ ಗೊತ್ತಾದರೆ ಓಣಿಯವರು ಬೈಯುವುದಿಲ್ಲ. ತುಂಬಾ ಪ್ರೀತಿಯಿಂದ ಒಂದು ಕುರ್ಚಿ ಹಾಕಿ ಕೂರಿಸಿ, ದೀಪದ ಕೆಲಸವನ್ನು ಹೊರಗಿನವರಿಗೆ ಕೊಡುತ್ತಾರೆ. ಘೊಂಟುದಾಗೆ ಹೆದರಿಕೆ ಇರುವುದು ಆ ಕುರ್ಚಿಯದು.

೬

(ಐದನ್ನು ಹರಿದೆ. ಅದರಲ್ಲಿ ಕೈ ವಾಸಿಯಾಗಿಬಿಟ್ಟಿತ್ತು.)

ಅಂತ್ಯ ಅ: ಸತ್ಯ ತಿಳಿದು ಎಲ್ಲರೂ ಅವರನ್ನು ತಬ್ಬಿಕೊಂಡು ಅಳುತ್ತಾರೆ. "ಥೂ, ನಾಟಕ" ಎಂದರು ಘೊಂಟುದಾ.

ಅಂತ್ಯ ಆ: ಓಣಿಯ ಹೆಂಗಸರು ಸೇರಿ ಗರಿ ಕಟ್ಟಿಕೊಡುತ್ತಾರೆ. "ನನ್ನ ನವಿಲಿಗೆ ಇನ್ನೊಬ್ಬರ ಕೈಯಾ? ನಾನು ಸತ್ತಮೇಲೆ ಬರ್ಕೊಳ್ಳಿ."

ಅಂತ್ಯ ಇ: ಕ್ಲಬ್ಬಿನಲ್ಲಿ ಸಭೆ. ಹಿರಣ್ಮಯ್ ಸರ್ಖೇಲನನ್ನು ಪಟ್ಟಿಯಿಂದ ತೆಗೆಯಬೇಕೆಂದು ಪೊಟ್ಲಾ ಸೂಚಿಸಿದ. ಅನುಮೋದಿಸುವವರು ಯಾರು ಎಂದಾಗ ಎಲ್ಲರೂ ಹಿರಿಯರಾದ ಘೊಂಟುದಾ ಕಡೆ ತಿರುಗಿದರು. ಕೂಗಾಡಿದ ಬಾಯಿ ಈಗ ಬೇಡ ಎನ್ನುವಂತಿಲ್ಲ. ಮಧುಚ್ಛಂದಾ ಸಭೆಯ ಪುಸ್ತಕವನ್ನು ಅವರ ಮುಂದಿಟ್ಟಳು.

"ರಿಜಿಸ್ಟರಾದ ಕ್ಲಬ್ಬು, ಕಾಕಾ. ಸಹಿ ಪೂರ್ತಿ ಹೆಸರಲ್ಲಿ ಬೇಕು" ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, "ಬೇಡ ಅಂದ್ರೆ ಹೇಳಿ, ಪುಸ್ತಕ ಮುಚ್ತೀನಿ" ಎಂದಳು.

ಘೊಂಟುದಾ ಪೆನ್ನು ಹಿಡಿದರು. ತುದಿ ಕಾಗದದ ಮೇಲೆ ನಿಲ್ಲಲಿಲ್ಲ. ಬುಡೊದಾ ಬಗ್ಗಿ ನೋಡತೊಡಗಿದರು. ಆಗ ಘೊಂಟುದಾ ಮೂಲೆಯಲ್ಲಿ ಕೂತು ಬರೆಯುತ್ತಿದ್ದ ನನ್ನ ಕಡೆ ತಿರುಗಿದರು.

"ರೈಟರ್ ಬಾಬು, ನಿಮ್ಮ ಕೈ ನಡುಗೋದಿಲ್ಲ ತಾನೇ? ತಗೊಳ್ಳಿ, ಯಾವ ಹೆಸರು ಬೇಕೋ ನೀವೇ ಬರೀರಿ."

ಪೆನ್ನು ಚಾಚಿಯೇ ಇದ್ದಾರೆ. ನಾನಿನ್ನೂ ತೆಗೆದುಕೊಂಡಿಲ್ಲ.