ಮಣ್ಣಿಗೆ ಬಂದವಳ ಊಟ

ಮೈಸೂರಿನ ಡಾಕ್ಟರು ನಮ್ಮವ್ವನ ಗಂಟಲಿಗೆ ಟಾರ್ಚು ಬಿಟ್ಟು ನೋಡಿ, ಫೈಲು ಮುಚ್ಚಿ, “ಮನೆಗೆ ಕರ್ಕೊಂಡ್ ಹೋಗಿ, ಏನಿಷ್ಟವೋ ಅದನ್ನ ತಿನ್ನಿಸಿ” ಎಂದರು. ಗಂಜಿಯೇ ಇಳಿಯದ ಗಂಟಲಿಗೆ ಇಷ್ಟವಾದದ್ದನ್ನು ತಿನ್ನಿಸುವುದು ಹೇಗೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಗುಂಡ್ಲುಪೇಟೆಗೆ ವಾಪಸು ಬರುವಾಗ ಬಸ್ಸಿನಲ್ಲಿ ಅವ್ವನೇ ಬಾಯಿಬಿಟ್ಟಳು.

“ಸಿದ್ದಾರ್ಥ, ಅಕ್ಕನ ಜೊತೆ ಒಂದ್ಸಲ ಕೂತ್ಕಂಡು ಉಣ್ಬೇಕು ಕಣ್ಲಾ. ಅಷ್ಟೇಯ.”

ಅಕ್ಕ ಎಂದರೆ ಭೀಮನಬೀಡಿನ ಶಿವಲಕ್ಷ್ಮಿ, ನನ್ನ ದೊಡ್ಡವ್ವ. ನಮ್ಮಜ್ಜಿ ತೀರಿಕೊಂಡಾಗ ಆಕೆ ಮಾದಪ್ಪನ ಬೆಟ್ಟಕ್ಕೆ ನಡೆದುಕೊಂಡು ಹೋಗಿದ್ದಳು. ಫೋನು ಸಿಗಲಿಲ್ಲ. ಹೆಣ ಎಷ್ಟೊತ್ತು ಇಟ್ಟುಕೊಳ್ಳುವುದೆಂದು ಅವ್ವ ಅವಸರಪಡಿಸಿ ಮಣ್ಣು ಮಾಡಿಸಿದಳು. ದೊಡ್ಡವ್ವ ಬಂದಾಗ ನೋಡಲಿಕ್ಕೆ ಉಳಿದಿದ್ದು ಒಂದು ಹಸಿ ಗುಡ್ಡೆ. ಅದರ ಮುಂದೆ ನಿಂತೇ ತಂಗಿಗೆ ಹೇಳಿದಳು: “ಅವ್ವನ ಮೊಕ ನೋಡಕ್ಕೂ ಬುಡ್ನಿಲ್ಲ ನೀನು. ಇನ್ ನಿನ್ ಮಣ್ಣಿಗೆ ಬತ್ತೀನಿ, ಮನೆಗ್ ಮಾತ್ರ ಬರಕಿಲ್ಲ.”

ಹಾಗೇ ನಡೆದುಕೊಂಡಳು. ನನ್ನ ಮದುವೆಗೂ ಬರಲಿಲ್ಲ.

ನನಗೆ ಚಿಕ್ಕಂದಿನಿಂದ ಕಂಡವರ ದನಿ ಕದಿಯುವ ಚಾಳಿ. ಜ್ವರ ಏರಿದ ಮಧ್ಯಾಹ್ನಗಳಲ್ಲಿ ಅವ್ವ “ಅಕ್ಕ ಬಯ್ಯದ್ ಮಾಡ್ಲಾ” ಎನ್ನುವಳು. ನಾನು ಮೂಗಿನಿಂದ ದನಿ ಎಳೆದು “ಏ ಮೂದೇವಿ, ಒಲೆ ಮುಂದೆ ತೂಕಡುಸ್ತಿಯಲ್ಲೇ, ಸೀದೋಯ್ತು ಕಣೇ ಸಾರು” ಎಂದರೆ ಗಂಟಲು ಒತ್ತಿಕೊಂಡು ನಗುವಳು. ನಕ್ಕ ಮೇಲೆ ಗೋಡೆ ಕಡೆ ತಿರುಗಿ ಮಲಗುವಳು.

ಆ ಊಟವನ್ನೇ ಒಂದು ಪಾರ್ಟಿ ಮಾಡುವ ಯೋಚನೆ ನನ್ನ ಹೆಂಡತಿ ನಯನಾಳದು. ಅವ್ವ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳಾಗಿ ಊರ ಮಕ್ಕಳಿಗೆಲ್ಲ ಬಡಿಸಿದವಳು, ತಾನು ಮಾತ್ರ ಗೋಡೆಗೆ ಒರಗಿ ಪಾತ್ರೆಯ ತಳ ಕೆರೆದು ತಿಂದವಳು. “ಅತ್ತೇನ ಟೇಬಲ್ ಮುಂದೆ ರಾಣಿ ತರ ಕೂರ್ಸಿ ನಾವು ಬಡಿಸ್ಬೇಕು ರೀ. ಕ್ಯಾಂಡಲ್ ಲೈಟ್ ಡಿನ್ನರ್.”

“ದೀನರ ಡಿನ್ನರ್ರು” ಎಂದೆ ನಾನು. “ಕರೆಂಟ್ ಹೋದ್ರೆ ನಮ್ಮನೇಲಿ ದಿನಾ ಅದೇ ಅಲ್ವಾ?”

ಕಾಸಿಲ್ಲದೆ ಅಂದ ಮಾಡುವುದರಲ್ಲಿ ನಯನಾಳನ್ನು ಮೀರಿಸುವವರಿಲ್ಲ. ನಮ್ಮಪ್ಪನ ಕಾಲದ ಹಳೇ ಪಂಚೆ ಮೇಜಿನ ಬಟ್ಟೆಯಾಯಿತು. ಉಪ್ಪಿನಕಾಯಿ ಬಾಟಲಿ ಹೂದಾನಿಯಾಗಿ, ಹೊಲದವರು ಸುಮ್ಮನೆ ಕೊಟ್ಟ ಚೆಂಡುಹೂ ಅದರಲ್ಲಿ ತಲೆಯೆತ್ತಿತು. ರಾಗಿಮುದ್ದೆಯನ್ನು ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟುವುದು, ಪಾಯಸವನ್ನು ಟೀ ಗ್ಲಾಸಿನಲ್ಲಿ ಕೊಡುವುದು, ಕೋಳಿಯನ್ನು ಇದ್ದಿಲ ಮೇಲೆ ಸುಡುವುದು ಎಂದೆಲ್ಲ ತೀರ್ಮಾನವಾಯಿತು. ಮೇಜು ಕುರ್ಚಿಯನ್ನು ಶಾಮಿಯಾನದ ಯೂನುಸ್ ಭಾಯ್, ಬಾಡಿಗೆ ಬೇಡವೆಂದು, ಬಿಳಿ ಬಟ್ಟೆ ತೊಡಿಸಿಯೇ ಕಳಿಸುತ್ತೇನೆಂದರು. ಕರೆದದ್ದು ಅವರ ಹೆಂಡತಿ, ಅವ್ವನ ಗೆಳತಿ ಕುಲ್ಸುಂ ಬಿಯನ್ನು. ಮತ್ತೆ ದೊಡ್ಡವ್ವನನ್ನು.

ಭೀಮನಬೀಡಿಗೆ ನಾನೇ ಬೈಕಿನಲ್ಲಿ ಹೋದೆ. ದೊಡ್ಡವ್ವ ಕೊಟ್ಟಿಗೆಯಿಂದ ಈಚೆ ಬರಲಿಲ್ಲ.

“ಅವ್ವಂಗೆ ಉಸಾರಿಲ್ಲ ದೊಡ್ಡವ್ವ. ಭಾನುವಾರ ಸಂಜೆ ಊಟಕ್ಕೆ...”

“ಯಾರ್ಗದೆ ಉಸಾರು? ನಂಗೂ ಮಂಡಿ ನೋವು. ನಾನೇಳಿದ್ ಮಾತು ನಿಮ್ಮವ್ವಂಗೆ ಗ್ಯಾನ ಅದೆ, ಓಗು.”

ಅವ್ವನಿಗೆ ಹೇಳಿದೆ. “ಬರ್ದಿದ್ರೂ ಅವ್ಳದೊಂದು ಕುರ್ಚಿ ಮಡುಗು” ಎಂದಳು.

ಭಾನುವಾರ ಮೂರು ಗಂಟೆಗೆ ನಯನಾ ಒಳಗೆ ನೆಲ ತೊಳೆದು ನೀರನ್ನು ಬಾಗಿಲಾಚೆ ತಳ್ಳಿದಳು. ನೆಲ ಆರಲೆಂದು ನಾನು ಬಿಳಿ ಹೊದಿಕೆಯ ಕುರ್ಚಿಗಳನ್ನು ಹೊರಗೇ, ರಸ್ತೆಗೆ ಮುಖ ಮಾಡಿ ಸಾಲಾಗಿ ಇಟ್ಟೆ. ಆಮೇಲೆ ಬಾಣಲೆಯಲ್ಲಿ ಇದ್ದಿಲು ಹಾಕಿ ಬಾಗಿಲ ಮುಂದೆ ಬೆಂಕಿ ಹೊತ್ತಿಸಿದೆ. ಕಾಯಿಲೆಯವರಿರುವ ಮನೆ, ತೊಳೆದ ನೆಲ, ಹೊರಗೆ ಸಾಲು ಕುರ್ಚಿ, ಬಾಗಿಲಲ್ಲಿ ಹೊಗೆ. ಇಷ್ಟೂ ಒಟ್ಟಿಗೆ ಸೇರಿದರೆ ಏನರ್ಥವೆಂದು ನಮ್ಮ ತಾಲ್ಲೂಕಿನಲ್ಲಿ ಎರಡನೇ ಕ್ಲಾಸಿನ ಮಗುವೂ ಹೇಳುತ್ತದೆ. ಎಂ.ಎ. ಓದಿದ ನನಗೆ ಕೋಳಿಯ ಚಿಂತೆ.

ಮೊದಲು ಎದುರುಮನೆಯವರು ತಲೆಗೆ ಸೆರಗು ಹೊದ್ದು ಬಂದರು. ಹಿಂದೆಯೇ ಯಾರೋ ಹೂವಿನ ಹಾರ ತಂದರು. ಗದ್ದಲ ಕೇಳಿ ಅವ್ವ ಹೊಸ ಸೀರೆಯುಟ್ಟುಕೊಂಡು ಬಾಗಿಲಿಗೆ ಬಂದಾಗ ಹಾರ ಹಿಡಿದವರ ಕೈ ಎಲ್ಲಿ ಹೋಗಬೇಕೆಂದು ತಿಳಿಯದೆ ಬೆನ್ನ ಹಿಂದೆ ಹೋಯಿತು. “ತಂದಿದ್ದೀರಲ್ಲ, ಬಾಗ್ಲಿಗೆ ಕಟ್ಟಿ” ಎಂದಳು ಅವ್ವ, ಇದ್ದಷ್ಟು ದನಿಯಲ್ಲಿ. ಕುಲ್ಸುಂ ಬಿ ಅಷ್ಟರಲ್ಲಿ ಬಂದು ನನ್ನ ಬೆನ್ನಿಗೊಂದು ಗುದ್ದಿದರು: “ಅಕಲ್ ಇಲ್ವೇನೋ ನಿಂಗೆ? ಆ ಕುರ್ಚಿ ಒಳ್ಗೆ ಹಾಕೋ ಮೊದ್ಲು!”

ಬೀದಿ ನಾಚಿಕೊಂಡು ಚದುರಿತು. ಆದರೆ ಸುದ್ದಿ ಅಷ್ಟರಲ್ಲಿ ಬಸ್ಸು ಹತ್ತಿತ್ತು. ಭೀಮನಬೀಡಿನ ಪುಟ್ಟಬಸಪ್ಪ ಎಂಬವರು ಬಸ್ಸಿನ ಕಿಟಕಿಯಿಂದ ಕುರ್ಚಿ, ಹೊಗೆ ಕಂಡು ಊರಿಗೆ ಫೋನು ಹಚ್ಚಿಬಿಟ್ಟಿದ್ದರು.

ನಾವು ಅವ್ವನನ್ನು ಮೇಜಿನ ಮುಂದೆ ಕೂರಿಸಿ ಮೋಂಬತ್ತಿ ಹಚ್ಚುವ ಹೊತ್ತಿಗೆ ಬೀದಿಯ ತಿರುವಿನಲ್ಲಿ ಆಟೋ ನಿಂತ ಸದ್ದಾಯಿತು. ಅದರ ಹಿಂದೆಯೇ ಒಂದು ದನಿ, ಹಾಡಿನಂತೆ ಏರಿ ಇಳಿಯುವ ಅಳು.

“ಅಯ್ಯೋ ನನ್ ಮರಿಯೇ... ನಾ ಸಾಕಿದ್ ಕೂಸೇ... ನನ್ ಬೆನ್ ಮೇಲೆ ಕೂತು ಸಂತೆ ನೋಡ್ದೋಳೇ... ಕರ್ದಾಗ ಬರ್ನಿಲ್ಲ ಅಂತ ಕ್ವಾಪ ಮಾಡ್ಕಂಡು ಓದೇನೇ...”

ನಾನು ಎದ್ದೆ. ಅವ್ವ ನನ್ನ ಮಣಿಕಟ್ಟು ಹಿಡಿದಳು.

“ಸುಮ್ಕಿರ್ಲಾ. ನಂಗೇ ಅಲ್ವಾ ಅಳ್ತಿರದು? ಆಮೇಲೆ ಕೇಳಕ್ಕಾದದಾ?”

ಅಳು ಬಾಗಿಲವರೆಗೂ ಬಂತು. ಅವ್ವ ಕತ್ತು ವಾಲಿಸಿ ಒಂದೊಂದು ಸಾಲನ್ನೂ ಕೇಳಿದಳು. ದೊಡ್ಡವ್ವ ಎದೆ ಬಡಿದುಕೊಳ್ಳುತ್ತ ಹೊಸಲು ದಾಟಿ, ಮೋಂಬತ್ತಿಯ ಬೆಳಕಿನಲ್ಲಿ ಕೂತ ತಂಗಿಯನ್ನು ಕಂಡಳು. ಎತ್ತಿದ ಕೈ ಹಾಗೇ ನಿಂತಿತು.

“ಅಕ್ಕ” ಎಂದಳು ಅವ್ವ.

ದೊಡ್ಡವ್ವ ನನ್ನ ಕಡೆ ತಿರುಗಿದಳು. “ನೀನೇ ಅಲ್ವೇನ್ಲಾ? ಪುಟ್ಟಬಸಪ್ಪನ ದನೀಲಿ ಪೋನ್ ಮಾಡ್ದೋನು ನೀನೇ! ಊರಿನವ್ರನ್ನೆಲ್ಲ ಅಣಕ್ಸಿ ನಗ್ಸೋನು. ಸಾವ್ನ ಹೆಸ್ರಲ್ಲೂ ಆಟ ಆಡ್ಬುಟ್ಟಾ?”

“ಇಲ್ಲ ದೊಡ್ಡವ್ವ, ಮಾದಪ್ಪನಾಣೆ...”

“ಆಣೆ ಬ್ಯಾರೆ ಮಡುಗ್ತಾನೆ!” ಎಂದು ಹೊರಟೇಬಿಟ್ಟಳು. ಅವ್ವ ಅವಳನ್ನು ಕರೆಯಲು ಬಾಯಿ ತೆರೆದಳು. ದನಿ ಬರಲಿಲ್ಲ, ಕೆಮ್ಮು ಬಂತು. ಕೆಮ್ಮು ನಿಲ್ಲಲಿಲ್ಲ. ಸೆರಗು ಜಾರಿ ಗಂಟಲ ಗೆಡ್ಡೆ, ತೋಳಿಗೆ ಜೋತುಬಿದ್ದ ರವಿಕೆ, ಎದ್ದ ಕೊರಳ ಮೂಳೆ ಎಲ್ಲ ಬೆಳಕಿಗೆ ಬಂದವು. ಹೊಸಲಿನ ಮೇಲಿದ್ದ ದೊಡ್ಡವ್ವ ಹಿಂದಿರುಗಿ ನೋಡಿದಳು. ಎಷ್ಟೋ ಹೊತ್ತು ನೋಡಿದಳು.

“ಇಷ್ಟಾಗದಾ...” ಎಂದಳು, ಯಾರಿಗೆಂದಿಲ್ಲದೆ. ಆಮೇಲೆ ನಯನಾಳಿಗೆ: “ನೀರ್ ಕಾಯ್ಸಮ್ಮಿ. ತಲೆ ಮೇಲೆ ಸುರ್ಕಬೇಕು.”

“ಯಾರೂ ಸತ್ತಿಲ್ವಲ್ಲ ದೊಡ್ಡತ್ತೆ...”

“ಸಾವಿಗಂತ ಒಂಟು ಬಂದೋಳು ಮೈತೊಳೀದೆ ಅನ್ನ ಮುಟ್ಟಾಳಾ?”

ತಂಗಿಯ ಹಳೇ ಸೀರೆ ಉಟ್ಟು, ಒದ್ದೆ ಕೂದಲು ಗಂಟು ಹಾಕಿಕೊಂಡು ಬಂದು ಬಿಳಿ ಕುರ್ಚಿಯ ಮೇಲೆ ಕೂತಳು. ಕುಲ್ಸುಂ ಬಿ ಸರಿದು ಜಾಗ ಮಾಡಿದರು. ನಯನಾ ಬಡಿಸಿದಳು. ಅವ್ವನ ತಟ್ಟೆಗೂ ಎಲ್ಲವನ್ನೂ ಒಂದಿಷ್ಟಿಷ್ಟೇ ಬಡಿಸಿದಳು.

ದೊಡ್ಡವ್ವ ಒಂದು ಪುಟ್ಟ ಮುದ್ದೆ ಮುರಿದು, ಸಾರಿನಲ್ಲಿ ಚೆನ್ನಾಗಿ ಕಿವುಚಿ, ತಂಗಿಯ ಬಾಯಿಗೆ ಇಟ್ಟಳು. ಅವ್ವ ಕಣ್ಣು ಮುಚ್ಚಿ ನುಂಗಲು ಹೆಣಗಿದಳು. ಕತ್ತಿನ ನರ ಬಿಗಿಯಿತು. ತುತ್ತು ಹಾಗೇ ಈಚೆ ಬಂತು. ದೊಡ್ಡವ್ವ ಅದನ್ನು ಅಂಗೈಯಲ್ಲೇ ಹಿಡಿದು, ಅವಳ ಬಾಯಿ ಒರೆಸಿ, ಮತ್ತೆ ಇಡಲಿಲ್ಲ. ಅವ್ವನ ತಟ್ಟೆಯನ್ನು ತನ್ನ ತಟ್ಟೆಯ ಪಕ್ಕಕ್ಕೆ ಎಳೆದುಕೊಂಡಳು.

“ನಿನ್ ಪಾಲ್ನೂ ನಾನೇ ಉಂತೀನಿ. ನೀ ನೋಡು.”

“ಯೋಳಕ್ಕ,” ಎಂದಳು ಅವ್ವ. “ಎಂಗದೆ?”

ದೊಡ್ಡವ್ವನ ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು. ಒದ್ದೆ ಕೂದಲಿನದೋ ಕಣ್ಣಿನದೋ ಗೊತ್ತಾಗಲಿಲ್ಲ. ಅವಳು ಒರೆಸಿಕೊಳ್ಳದೆ ಅಗಿದಳು.

“ಕೋಳಿ ವಸಿ ಸೀದದೆ ಕಣವ್ವ. ಆದ್ರೂ ಒಳ್ಗೆ ಮೆತ್ತಗದೆ. ಮೆಣಸು ಮುಂದಾಗದೆ, ನಾಲ್ಗೆ ತುದಿ ಚುರ್ ಅಂತದೆ... ಅವರೆಕಾಳ್ ಬೆಂದದೆ, ಸಿಪ್ಪೆ ಬ್ಯಾರೆ ಕಾಳ್ ಬ್ಯಾರೆ ಆಗಿಲ್ಲ... ಮುದ್ದೇಲಿ ಗಂಟಿಲ್ಲ...”

ಅವ್ವ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. ಅಕ್ಕ ಹೇಳುತ್ತಾ ಹೋದಂತೆ ಅವಳ ಖಾಲಿ ಬಾಯಿ ನಿಧಾನವಾಗಿ ಅಗಿಯತೊಡಗಿತು.